ಕಂದೀಲು ವೀರನ ಎರಡನೇ ಭಾಗ

ಲಕ್ವ ಹೊಡೆದ ಮೇಲೆ ಪರಮಶಿವಪ್ಪನವರ ಮಂಚ ಮಹಡಿಯಿಂದ ನಡುಮನೆಗೆ ಇಳಿಯಿತು. ಮೆಟ್ಟಿಲು ಹತ್ತುವುದು ಅವರಿಂದ ಆಗುತ್ತಿರಲಿಲ್ಲ. ಮನೆಯ ಒಂದೇ ಟಿವಿ ಇದ್ದದ್ದೂ ಆ ನಡುಮನೆಯಲ್ಲೇ. ಮುಂದಿನ ಜಗಳಕ್ಕೆಲ್ಲ ಕಾರಣವಾದದ್ದು ಇಷ್ಟೇ ಎಂದು ಅವರ ಹೆಂಡತಿ ಜಗದಾಂಬನವರಿಗೆ ಆಮೇಲೆ ಎಷ್ಟೋ ಸಲ ಅನಿಸಿತ್ತು.

ಶಿಕಾರಿಪುರದ ಮಾರ್ಕೆಟ್ ಯಾರ್ಡಿನಲ್ಲಿ ಅವರದು ದಲ್ಲಾಲಿ ಮಂಡಿ. ಭತ್ತ, ಮೆಕ್ಕೆಜೋಳ, ಹತ್ತಿ ಯಾವುದು ಬಂದರೂ ಹರಾಜಿನಲ್ಲಿ ಎಲ್ಲರಿಗಿಂತ ಮೇಲೆ ಕೇಳುತ್ತಿದ್ದದ್ದು ಪರಮಶಿವಪ್ಪನವರ ದನಿ. "ನಿಮ್ಮ ಯಜಮಾನ್ರು ಯಾರ್ಡ್‌ನಾಗೆ ಕೂಗಿದ್ರೆ ಬಸ್‌ಸ್ಟ್ಯಾಂಡಿನಾಗೆ ಕಂಡಕ್ಟರು ಸೀಟಿ ಹೊಡಿಯೋದು ನಿಲ್ಲಿಸ್ತಾನೆ" ಎಂದು ರೈತರು ಜಗದಾಂಬನವರ ಎದುರಿಗೇ ನಗುತ್ತಿದ್ದರು. ಆ ದನಿ ಈಗ ಇರಲಿಲ್ಲ. ಬಲಗೈ, ಬಲಗಾಲಿನ ಜೊತೆ ಅರ್ಧ ಬಾಯಿಯೂ ಬಿದ್ದು ಹೋಗಿತ್ತು. ಶಿವಮೊಗ್ಗದ ಡಾಕ್ಟರು, "ಮಾತಾಡ್ಸಿ, ಬೆರಳು ಆಡ್ಸೋಕೆ ಹೇಳಿ, ನಿಧಾನಕ್ಕೆ ಬರುತ್ತೆ" ಎಂದು ಹೇಳಿ ಕಳಿಸಿದ್ದರು. ಬೆರಳಿಗೆ ಜಗದಾಂಬ ಎಣ್ಣೆ ಹಚ್ಚಿ ನೀವುತ್ತಿದ್ದರು. ಮಾತಿಗೆ ಏನು ಹಚ್ಚುವುದೋ ಗೊತ್ತಿರಲಿಲ್ಲ. ಗಂಜಿ ಬೇಕಾ ಎಂದರೆ ಕಣ್ಣು ಮುಚ್ಚುತ್ತಿದ್ದರು, ಬೇಡವಾ ಎಂದರೂ ಕಣ್ಣು ಮುಚ್ಚುತ್ತಿದ್ದರು. ನೋಡಲು ಬಂದವರು ಮಾತಾಡಿಸಿದರೆ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರು.

ಮಂಡಿ ಈಗ ಮಗ ಗುರುಪ್ರಕಾಶನ ಕೈಯಲ್ಲಿತ್ತು. ಅಪ್ಪನ ದನಿ ಅವನಿಗೆ ಬಂದಿರಲಿಲ್ಲ. ಬೆಳಿಗ್ಗೆ ಹೋದವನು ಸಂಜೆ ಗಂಟಲು ಕಟ್ಟಿಸಿಕೊಂಡು ಬರುತ್ತಿದ್ದ. ಅಡುಗೆಮನೆ ಅವನ ಹೆಂಡತಿ ಶಿವಲೀಲಾಳದು. ಅವರ ಮಗಳು ರಕ್ಷಿತಾ ಐದನೇ ಕ್ಲಾಸು. ಗುರುಪ್ರಕಾಶನ ತಂಗಿ ಜ್ಯೋತಿಲಕ್ಷ್ಮಿಗೆ ಇನ್ನೂ ಮದುವೆಯಾಗಿರಲಿಲ್ಲ. ಟೀಚರ್ ಟ್ರೈನಿಂಗ್ ಮುಗಿಸಿ, ಪೇಟೆಯ ಒಂದು ಪ್ರೈವೇಟ್ ಶಾಲೆಯಲ್ಲಿ ಪಾಠ ಮಾಡುತ್ತಿದ್ದಳು. ಸರ್ಕಾರಿ ಶಾಲೆಗೆ ಆಯ್ಕೆಯೂ ಆಗಿತ್ತು, ಆರ್ಡರ್ ಬರುವುದೊಂದು ಬಾಕಿ.

ಸರ್ಟಿಫಿಕೇಟು ತೋರಿಸಲು ಶಿವಮೊಗ್ಗಕ್ಕೆ ಹೋದವಳು ಬರುವಾಗ ರಕ್ಷಿತಾಳಿಗೆ ಒಂದು ವಿಡಿಯೋ ಗೇಮ್ ಕ್ಯಾಸೆಟ್ ತಂದಳು.

"ಅತ್ತೇ! ಎರಡನೇ ಭಾಗ!" ರಕ್ಷಿತಾ ಕುಣಿದುಬಿಟ್ಟಳು.

ಮೊದಲನೇ ಭಾಗ ಅವಳ ಹತ್ತಿರ ಹಿಂದಿನ ವರ್ಷದಿಂದಲೇ ಇತ್ತು. ಒಂದು ಕೈಯಲ್ಲಿ ಕತ್ತಿ, ಇನ್ನೊಂದು ಕೈಯಲ್ಲಿ ಕಂದೀಲು ಹಿಡಿದ ಒಬ್ಬ ಗಿಡ್ಡ ವೀರ ಕಾಡು, ಗುಹೆ, ಕೋಟೆ ದಾಟಿಕೊಂಡು ಹೋಗುವ ಆಟ. ಪರದೆಯ ಮೇಲೆ ಬರುವ ಅಕ್ಷರ ಚೀನಾದ್ದೋ ಜಪಾನಿನದ್ದೋ, ಊರಲ್ಲಿ ಓದಬಲ್ಲವರು ಯಾರೂ ಇರಲಿಲ್ಲ. ಹಾಗಾಗಿ ರಕ್ಷಿತಾಳೇ ಅದಕ್ಕೆ 'ಕಂದೀಲು ವೀರ' ಎಂದು ಹೆಸರಿಟ್ಟಿದ್ದಳು. "ಇದಕ್ಕೆ ಐದಾರು ಭಾಗ ಬಂದಾವಂತೆ, ಇನ್ನೂ ಬರ್ತಾವಂತೆ" ಎಂದು ಅಂಗಡಿಯವನು ಜ್ಯೋತಿಲಕ್ಷ್ಮಿಗೆ ಹೇಳಿದ್ದನಂತೆ.

ಆದರೆ ಎರಡನೇ ಭಾಗ ಮೊದಲಿನ ಹಾಗಿರಲಿಲ್ಲ. ಮೊದಲನೆಯದರಲ್ಲಿ ಮುಂದಕ್ಕೆ ಓಡುವುದು, ಎದುರು ಬಂದವನನ್ನು ಹೊಡೆಯುವುದು, ಅಷ್ಟೇ. ಇದರಲ್ಲಿ ಊರುಗಳಿದ್ದವು. ಬಾಗಿಲು ತಟ್ಟಿದರೆ ಮುದುಕಿಯರು ಹೊರಗೆ ಬಂದು ಏನೋ ಹೇಳುತ್ತಿದ್ದರು. ಬಂದ ದಾರಿಯಲ್ಲೇ ಹಿಂದಕ್ಕೂ ಹೋಗಬೇಕಿತ್ತು. ಮೊದಲನೇ ಭಾಗದಲ್ಲಿ ಗಳಿಸಿದ್ದ ಕವಚ, ಬೆಂಕಿಯ ಕತ್ತಿ ಯಾವುದೂ ವೀರನ ಹತ್ತಿರ ಇರಲಿಲ್ಲ. ರಕ್ಷಿತಾ ಮೊದಲಿನ ಅಭ್ಯಾಸದಲ್ಲೇ ಓಡಿಸಿದಳು, ಸತ್ತಳು. ಮತ್ತೆ ಓಡಿಸಿದಳು, ಒಂದು ಬಂಡೆಯ ಗೋಡೆ ಅಡ್ಡ ಬಂದು ನಿಂತಳು. ನಾಲ್ಕಾರು ದಿನ ಶಾಲೆಯಿಂದ ಬಂದು ಚೀಲ ಎಸೆದು ಅದೇ ಗೋಡೆಗೆ ವೀರನನ್ನು ಗುದ್ದಿಸಿದಳು.

ಒಂದು ಸಂಜೆ ಜಗದಾಂಬ ಗಂಡನಿಗೆ ಉಪ್ಪಿಟ್ಟು ತಿನ್ನಿಸುತ್ತಿದ್ದರು. ಚಮಚ ಬಾಯಿಯ ಹತ್ತಿರ ಇದ್ದಾಗ ಪರಮಶಿವಪ್ಪ ತಲೆ ಪಕ್ಕಕ್ಕೆ ಸರಿಸಿದರು.

"ಬಾ..." ಎಂದರು.

ಜಗದಾಂಬ ಚಮಚವನ್ನು ತಟ್ಟೆಗೆ ಇಟ್ಟರು. "ಏನ್ರೀ? ಯಾರು ಬಂದ್ರು?"

ಅವರು ಎಡಗೈ ಎತ್ತಿ ಟಿವಿಯ ಕಡೆ ತೋರಿಸಿದರು. "ಬಾ... ವಿ."

ಗೋಡೆಯ ಈಚೆ, ಪರದೆಯ ಅಂಚಿನಲ್ಲಿ, ರಕ್ಷಿತಾ ದಿನವೂ ಹಾರಿ ದಾಟುತ್ತಿದ್ದ ಒಂದು ಬಾವಿ ಇತ್ತು. ಅವಳು ಹಾರಲಿಲ್ಲ. ವೀರನನ್ನು ಕಟ್ಟೆಯ ಮೇಲೆ ನಿಲ್ಲಿಸಿ ಕೆಳಗಿನ ಬಾಣ ಒತ್ತಿದಳು. ವೀರ ಇಳಿದ, ಕಂದೀಲು ತಾನಾಗಿ ಹೊತ್ತಿಕೊಂಡಿತು. ಬಾವಿಯ ಒಳಗೆ ದಾರಿ ಇತ್ತು.

"ಅಜ್ಜಾ! ನಿಂಗೆ ಹೆಂಗೆ ಗೊತ್ತಾತು?"

ಅಜ್ಜನ ಬಾಯಿಯ ಒಂದು ಮೂಲೆ ಮೇಲೆದ್ದಿತು. ಜಗದಾಂಬ ಸೆರಗಿನಿಂದ ಅವರ ಗಲ್ಲ ಒರೆಸಿ, ಆಮೇಲೆ ತಮ್ಮ ಕಣ್ಣು ಒರೆಸಿಕೊಂಡರು. ಆ ರಾತ್ರಿ ದೇವರ ಮುಂದೆ ಎರಡು ದೀಪ ಹೆಚ್ಚು ಹಚ್ಚಿದರು.

ಅಲ್ಲಿಂದ ಶುರುವಾಯಿತು. ಆಟ ಆಡಿಸುವ ರಿಮೋಟನ್ನು ಅಜ್ಜನ ತೊಡೆಯ ಮೇಲೆ ಇಟ್ಟರೆ ಎಡಗೈಯಿಂದ ಅವರು ಬಾಣದ ಗುಂಡಿ ಒತ್ತಿ ವೀರನನ್ನು ನಡೆಸುತ್ತಿದ್ದರು. ಹಾರುವ ಗುಂಡಿ, ಹೊಡೆಯುವ ಗುಂಡಿ ಬಲಗಡೆಗೆ. ಅವು ರಕ್ಷಿತಾಳ ಪಾಲು. ಇಬ್ಬರೂ ಒಂದೇ ರಿಮೋಟಿನ ಮೇಲೆ ಬಗ್ಗಿ ಕೂತಿರುತ್ತಿದ್ದರು. "ಹಾ...ರು" ಎಂದರೆ ಅವಳು ಒತ್ತಬೇಕು. ಹೇಳುವ ಹೊತ್ತಿಗೆ ವೀರ ಹಳ್ಳಕ್ಕೆ ಬಿದ್ದಿರುತ್ತಿದ್ದ. ಹಾಗಾಗಿ ಅವರು ಮೊದಲೇ ಹೇಳುವುದನ್ನು ಕಲಿತರು, ಆಮೇಲೆ ಬೇಗ ಹೇಳುವುದನ್ನು ಕಲಿತರು. ಕರೆಂಟು ಹೋದರೆ ಆಟ ಮೊದಲಿನಿಂದ. ಆ ವರ್ಷ ಕರೆಂಟು ಹೋಗದ ದಿನವಿರಲಿಲ್ಲ. ರಕ್ಷಿತಾ ಅಳುತ್ತಿದ್ದಳು, ಅಜ್ಜ ಅಳುತ್ತಿರಲಿಲ್ಲ. ಕರೆಂಟು ಬಂದ ಕೂಡಲೇ "ಹಾ...ಕು" ಎನ್ನುತ್ತಿದ್ದರು.

ರಕ್ಷಿತಾ ಶಾಲೆಗೆ ಹೋದ ಮೇಲೂ ಅವರು ಬಿಡಲಿಲ್ಲ. ಹೊದಿಕೆಯ ಮೇಲೆ ರಿಮೋಟು ಇಟ್ಟುಕೊಂಡು, ಸತ್ತಂತಿದ್ದ ಬಲಗೈಯನ್ನು ಎಡಗೈಯಿಂದ ಎತ್ತಿ ಗುಂಡಿಯ ಮೇಲೆ ಹೇರುತ್ತಿದ್ದರು. ಬೆಳಿಗ್ಗೆ ತಿಂಡಿ ಆದ ಮೇಲೆ ಕೂತರೆ ಮಧ್ಯಾಹ್ನದ ಅನ್ನ ಸಾರು ತಣ್ಣಗಾಗುವವರೆಗೆ ಕಣ್ಣು ಕೀಳುತ್ತಿರಲಿಲ್ಲ.

"ಅತ್ತೆ, ನೀವಾದ್ರೂ ಹೇಳ್ರಿ," ಶಿವಲೀಲಾ ರೊಟ್ಟಿ ಬಡಿಯುತ್ತ ಹೇಳಿದಳು. "ನಡುಮನೆ ಕಸ ಹೊಡಿಯಾಕೂ ಬಿಡಲ್ಲ ಮಾವ. ಟಿವಿ ಮುಂದೆ ಹೋದ್ರೆ ಕಾಲಿನಾಗೆ ತಳ್ತಾರೆ. ಓಣಿಯೋರು ಕಿಟಕಿಯಾಗೆ ಇಣುಕಿ ನಗ್ತಾರೆ."

"ಎರಡು ಮಾತು ಆಡ್ತಿದಾರಲ್ಲವ್ವ. ಅಷ್ಟಾದ್ರೂ ಬರ್ಲಿ."

"ಆಡೋದು ಯಾವ ಮಾತು? ಹಾರು, ಹೊಡಿ, ಹಾಕು. ನಮ್ಮನ್ನ ಒಂದಿನ ಹೆಸರು ಹಿಡಿದು ಕರೆದಾರಾ?"

ಸೊಸೆ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಬಂದಳಿಕೆಯ ರೈತ ದೊಡ್ಡಬೀರಪ್ಪ ಒಂದು ದಿನ ಅವರೆಕಾಯಿಯ ಚೀಲ ಹೊತ್ತು ಬಂದ. ಅವನ ಅಪ್ಪನ ಕಾಲದಿಂದ ಈ ಮಂಡಿಗೇ ಮಾಲು ತರುತ್ತಿದ್ದ ಮನೆ. "ಶರಣ್ರೀ ಸಾವ್ಕಾರ್ರೆ" ಎಂದು ಮಂಚದ ಬಳಿ ನೆಲಕ್ಕೆ ಕೂತ. ಪರಮಶಿವಪ್ಪ ಪರದೆಯಿಂದ ಕಣ್ಣು ತೆಗೆಯಲಿಲ್ಲ. ದೊಡ್ಡಬೀರಪ್ಪ ಮಳೆಯ ಸುದ್ದಿ ಹೇಳಿದ, ಕುರಿಗೆ ಬಂದ ಕಾಯಿಲೆ ಹೇಳಿದ. ಗಿಡ್ಡ ವೀರ ಏಣಿ ಹತ್ತಿದ, ಇಳಿದ. ಚಹಾ ಕುಡಿದು ಎದ್ದ ದೊಡ್ಡಬೀರಪ್ಪ ಹೊಸ್ತಿಲಲ್ಲಿ ಜಗದಾಂಬನವರಿಗೆ, "ಅವ್ವಾರೆ, ಸಾವ್ಕಾರ್ರಿಗೆ ತಲೀಗೂ ಹೊಡೆದೈತೇನು?" ಎಂದು ಮೆಲ್ಲಗೆ ಕೇಳಿದ. ಆ ಮಾತು ಗುರುಪ್ರಕಾಶನ ಕಿವಿಗೆ ಯಾರ್ಡಿನಲ್ಲಿ ಹಲವರ ಬಾಯಿಂದ ತಿರುಗಿ ಬಂತು.

ಅದೇ ದಿನಗಳಲ್ಲಿ ಜ್ಯೋತಿಲಕ್ಷ್ಮಿಗೆ ಸೊರಬ ತಾಲ್ಲೂಕಿನ ಹೊಸಬಾಳೆಯಿಂದ ಸಂಬಂಧ ಕೂಡಿ ಬಂತು. ಗಂಗಾಧರಪ್ಪ, ರಾಜೇಶ್ವರಮ್ಮ ದಂಪತಿಯ ಮಗ ಮಲ್ಲಿಕಾರ್ಜುನ್. ಸೊರಬದಲ್ಲಿ ಪಂಪ್‌ಸೆಟ್ಟಿನ ಸಾಮಾನಿನ ಅಂಗಡಿ. ಹುಡುಗ ಬಂದು ನೋಡಿ ಹೋಗಿದ್ದ. ಜ್ಯೋತಿಲಕ್ಷ್ಮಿಯೂ ಬೇಡ ಎಂದಿರಲಿಲ್ಲ. ಮಾತು ಮುಂದುವರಿಸಲು ಗುರುಪ್ರಕಾಶ ಹೆಂಡತಿಯ ಜೊತೆ ಹೊಸಬಾಳೆಗೆ ಹೋಗಿ ಬಂದ. ಸಂಜೆ ಎಲ್ಲರೂ ಊಟಕ್ಕೆ ಕೂತಾಗ ಸುದ್ದಿ ಹೇಳಿದ.

"ಮನೆ ಚಲೋ ಐತೆ. ಜನಾನೂ ಚಲೋ. ಒಂದೇ ಮಾತು ಅವ್ರದು. ಮದುವೆ ಆದ್ಮೇಲೆ ಕೆಲಸ ಬ್ಯಾಡ ಅಂತಾರೆ. ನಾನು ಹೂಂ ಅಂದೆ."

ಜ್ಯೋತಿಲಕ್ಷ್ಮಿ ಮುರಿದ ರೊಟ್ಟಿ ಕೈಯಲ್ಲೇ ಉಳಿಯಿತು. "ಯಾರನ್ನ ಕೇಳಿ ಹೂಂ ಅಂದೆ ಅಣ್ಣ?"

"ಕೇಳಾಕೆ ಇನ್ಯಾರಿದಾರೆ ಈ ಮನ್ಯಾಗೆ?"

ಮಂಚದ ಕಡೆಯಿಂದ ಕತ್ತಿ ಬೀಸುವ ಟುಂಯ್ ಟುಂಯ್ ಸದ್ದು ಬರುತ್ತಲೇ ಇತ್ತು.

"ನಾನಿಲ್ವಾ? ಓದಿದ್ದು ನಾನು, ಪರೀಕ್ಷೆ ಬರೆದದ್ದು ನಾನು. ಇವತ್ತಲ್ಲ ನಾಳೆ ಆರ್ಡರ್ ಬರ್ತದೆ."

"ಬರ್ಲಿ ಬಿಡು. ಅಪ್ಪಾಜಿ ಹಿಂಗೆ ಬಿದ್ದಾರೆ, ಮಂಡಿ ನೋಡ್ಲಾ, ನಿನ್ನ ಆರ್ಡರ್ ನೋಡ್ಲಾ? ಇಂಥ ಮನೆ ಮತ್ತೆ ಸಿಗ್ತದಾ?"

"ಅವ್ರು ಕೆಟ್ಟೋರೇನಲ್ಲ ಜ್ಯೋತಿ," ಶಿವಲೀಲಾ ಸಾರು ಬಡಿಸುತ್ತ ನಡುವೆ ಬಂದಳು. "ತುಂಬಿದ ಮನೆ, ಕೈ ಬೇಕು ಅಂತಾರೆ, ಅಷ್ಟೇ. ನಾನಿಲ್ವಾ, ಡಿಗ್ರಿ ಮುಗಿಸಿ ರೊಟ್ಟಿ ಬಡೀತಿಲ್ವಾ?"

"ನಿಮ್ಮನ್ನ ಯಾರಾದ್ರೂ ಕೇಳಿದ್ರಾ ಅತ್ತಿಗೆ?"

ಶಿವಲೀಲಾಳ ಕೈಯಲ್ಲಿದ್ದ ಸೌಟು ಪಾತ್ರೆಗೆ ಜೋರಾಗಿಯೇ ಬಿತ್ತು. ಜ್ಯೋತಿಲಕ್ಷ್ಮಿ ಎಂಜಲು ಕೈಯಲ್ಲೇ ಎದ್ದು ಮಂಚದ ಮುಂದೆ ನಿಂತಳು.

"ಅಪ್ಪಾಜಿ, ನೀವೊಂದು ಮಾತು ಹೇಳ್ರಿ. ಓದು ಅಂದೋರು ನೀವು. ಟ್ರೈನಿಂಗಿಗೆ ಸೇರಿಸಿದೋರು ನೀವು. ಆಗ್ಲಿ ಅಂತೀರೋ, ಬ್ಯಾಡ ಅಂತೀರೋ, ಯಾವುದೋ ಒಂದು ಹೇಳ್ರಿ."

ಪರಮಶಿವಪ್ಪ ಮಗಳ ಪಕ್ಕದಿಂದ ಕತ್ತು ವಾಲಿಸಿ ಪರದೆ ನೋಡಿದರು.

ಜಗದಾಂಬ ಎದ್ದು ಹೋದರು. ಏನು ಮಾಡುತ್ತಿದ್ದೇನೆಂದು ಅವರಿಗೂ ತಿಳಿದಿರಲಿಲ್ಲ. ಗೋಡೆಯ ಸಾಕೆಟ್ಟಿನಿಂದ ವೈರು ಕಿತ್ತರು. ಪರದೆ ಕಪ್ಪಾಯಿತು. ಮರುಕ್ಷಣ ಪರಮಶಿವಪ್ಪನವರ ಎಡಗೈ ರಿಮೋಟನ್ನು ಬೀಸಿ ಒಗೆಯಿತು. ಅದು ಊಟದ ತಟ್ಟೆಗಳ ನಡುವೆ ಬಿದ್ದು, ಸಾರು ಗುರುಪ್ರಕಾಶನ ಅಂಗಿಗೆ ಸಿಡಿಯಿತು. ರಕ್ಷಿತಾ ಹೆದರಿ ಅಮ್ಮನ ಸೀರೆ ಹಿಡಿದಳು.

"ನೋಡ್ರವ್ವ," ಗುರುಪ್ರಕಾಶ ಅಂಗಿ ಒರೆಸಿಕೊಳ್ಳುತ್ತ ಎದ್ದ. "ಇವ್ರನ್ನ ಕೇಳಿ ಮದುವೆ ಮಾಡ್ಬೇಕಂತೆ."

ವಿಡಿಯೋ ಗೇಮ್ ಅಟ್ಟ ಸೇರಿತು. ಪರಮಶಿವಪ್ಪ ಮತ್ತೆ ಗೋಡೆಯ ಕಡೆ ತಿರುಗಿದರು. ಗಂಜಿ ತಂದರೆ ಹಲ್ಲು ಕಚ್ಚುತ್ತಿದ್ದರು. ಜ್ಯೋತಿಲಕ್ಷ್ಮಿ ಅಣ್ಣನ ಜೊತೆ ಮಾತು ಬಿಟ್ಟಳು, ಅತ್ತಿಗೆಯ ಜೊತೆಯೂ ಬಿಟ್ಟಳು. ಶಿವಲೀಲಾ ಅಡುಗೆ ಮಾಡಿ ಮುಚ್ಚಿಟ್ಟು ಕೋಣೆ ಸೇರುತ್ತಿದ್ದಳು, ಹಸಿದವರು ಬಡಿಸಿಕೊಳ್ಳುತ್ತಿದ್ದರು. ಹೊಸಬಾಳೆಯವರು ಮುಂದಿನ ಸೋಮವಾರ ಹಿರಿಯರನ್ನು ಕರೆಸಿ ಮಾತು ಗಟ್ಟಿ ಮಾಡಿಕೊಳ್ಳೋಣ ಎಂದು ಹೇಳಿ ಕಳಿಸಿದರು.

ಎಲ್ಲರೂ ಹೊರಗೆ ಹೋಗಿದ್ದ ಒಂದು ಬೆಳಿಗ್ಗೆ, ಶಿವಲೀಲಾ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ, ಜಗದಾಂಬ ಏಣಿ ಹಾಕಿ ಅಟ್ಟದಿಂದ ಡಬ್ಬಿ ಇಳಿಸಿದರು. ಯಾವ ವೈರು ಎಲ್ಲಿಗೆ ಎನ್ನುವುದನ್ನು ಮೊಮ್ಮಗಳು ಚುಚ್ಚುವಾಗ ನೋಡಿದ್ದರು. ಆದರೂ ಎರಡು ಸಲ ತಪ್ಪಾಯಿತು. ಕೊನೆಗೆ ಪರದೆಯ ಮೇಲೆ ಕಂದೀಲು ಮೂಡಿತು. ಅವರು ಮಂಚದ ಮೇಲೆ ಗಂಡನ ಬಲಗಡೆಗೆ ಕೂತರು.

"ರೀ, ಈ ಕಡೆ ತಿರುಗ್ರಿ. ನಿಮ್ಮ ಮೊಮ್ಮಗಳಷ್ಟು ಬರಲ್ಲ ನಂಗೆ. ಯಾವುದು ಹಾರೋದು?"

ಬಹಳ ಹೊತ್ತಿನ ಮೇಲೆ ಅವರು ತಿರುಗಿದರು. ಎಡಗೈ ಬಾಣದ ಗುಂಡಿಗೆ ಹೋಯಿತು. ವೀರ ನಡೆದ. "ಹಾರು" ಎಂದರು. ಜಗದಾಂಬ ಒತ್ತಿದರು, ತಪ್ಪು ಗುಂಡಿ. ವೀರ ಗಾಳಿಗೆ ಕತ್ತಿ ಬೀಸಿ ಹಳ್ಳಕ್ಕೆ ಬಿದ್ದ. ಇನ್ನೊಮ್ಮೆ ಬಿದ್ದ. ಪರಮಶಿವಪ್ಪನವರ ಗಂಟಲಿನಿಂದ ನಗುವಿನಂಥದೇನೋ ಬಂತು.

"ಜೋ...ತಿ," ಎಂದರು. ಕಣ್ಣು ಪರದೆಯ ಮೇಲೇ ಇತ್ತು. "ಉಂಡ್ಲಾ?"

ಜಗದಾಂಬ ಗುಂಡಿ ಒತ್ತುತ್ತಲೇ ಇದ್ದರು. ತಿರುಗಿ ಮುಖ ನೋಡಿದರೆ ಮಾತು ನಿಂತುಹೋದೀತು ಎಂದು ಅವರಿಗೆ ಹೇಗೋ ಗೊತ್ತಾಯಿತು. "ಇಲ್ಲ. ನಿನ್ನೆ ರಾತ್ರಿನೂ ಉಂಡಿಲ್ಲ."

ವೀರ ಒಂದು ಸೇತುವೆ ದಾಟಿದ.

"ನೀವ್ಯಾಕೆ ಅವತ್ತು ಒಂದು ಮಾತು ಆಡ್ಲಿಲ್ಲ?"

"ಬಾ...ಯಿ," ಎಂದರು. ಮುಂದಿನ ಪದ ಬರಲು ಒದ್ದಾಡಿದರು. ಜೊಲ್ಲು ಇಳಿಯಿತು. "ನಗ್...ತಾರೆ."

"ನಗೋರು ನಗ್ಲಿ ರೀ. ಅಳೋಳು ನಮ್ಮ ಮನ್ಯಾಗೆ ಇದಾಳೆ."

ಪರಮಶಿವಪ್ಪ ಗುಂಡಿ ಒತ್ತುವುದನ್ನು ನಿಲ್ಲಿಸಿದರು. ವೀರ ನಿಂತಲ್ಲೇ ನಿಂತ, ಎಲ್ಲಿಂದಲೋ ಹಾರಿ ಬಂದ ಬಾವಲಿ ಅವನನ್ನು ಬಡಿದು ಕೆಡವಿತು. ಇಬ್ಬರೂ ಅದನ್ನು ನೋಡುತ್ತ ಕೂತಿದ್ದರು.

"ಸೋಮ...ವಾರ," ಎಂದರು ಅವರು. "ನಾ...ನೂ."

ಅಪ್ಪನೂ ಬರುತ್ತಾರೆಂದಾಗ ಗುರುಪ್ರಕಾಶನ ಮುಖ ಸಪ್ಪಗಾಯಿತು. "ಜನರ ಮುಂದೆ ಅಪ್ಪಾಜಿಗೇ ಕಷ್ಟ ಅವ್ವ" ಎಂದ. ಆದರೆ ಜಗದಾಂಬ ಆಗಲೇ ಕ್ಷೌರದವನನ್ನು ಕರೆಸಿದ್ದರು, ಬಿಳಿ ಪಂಚೆಗೆ ನೀಲಿ ಹಾಕಿ ಒಣಗಿಸಿದ್ದರು. ಸೋಮವಾರ ಬಾಡಿಗೆ ಜೀಪಿನ ಮುಂದಿನ ಸೀಟಿನಲ್ಲಿ, ಹಣೆಗೆ ವಿಭೂತಿ ಹಚ್ಚಿಕೊಂಡು ಪರಮಶಿವಪ್ಪ ಕೂತರು. ಹೆಣ್ಣನ್ನು ಕರೆದೊಯ್ಯುವ ಪದ್ಧತಿ ಇರಲಿಲ್ಲ. ಜ್ಯೋತಿಲಕ್ಷ್ಮಿ ರಕ್ಷಿತಾಳ ಕೈ ಹಿಡಿದು ಬಾಗಿಲಲ್ಲಿ ನಿಂತಳು.

ಹೊಸಬಾಳೆಯ ಮನೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಪರಮಶಿವಪ್ಪನವರಿಗೆ ಕುರ್ಚಿ ಹಾಕಿದರು. ಒಳಗಿನಿಂದ ಹೋಳಿಗೆಯ ವಾಸನೆ ಬರುತ್ತಿತ್ತು. ಗಂಗಾಧರಪ್ಪ ಸಾವಧಾನದ ಮನುಷ್ಯ. ಎಲೆಅಡಿಕೆಯ ತಟ್ಟೆ ಮುಂದಕ್ಕೆ ಸರಿಸಿ ಹೇಳಿದರು: "ನೋಡಿ ಮಾರಾಯ್ರೆ, ನಮ್ದು ಮುಚ್ಚುಮರೆ ಇಲ್ಲ. ಹುಡುಗಿ ಎಲ್ಲರಿಗೂ ಹಿಡಿಸಿದಾಳೆ. ಕೆಲಸದ ವಿಷಯ ನಿಮ್ಮ ಮಗನ ಹತ್ರ ಹೇಳಿದೀವಿ. ಅದೊಂದು ನಿಮ್ಮ ಬಾಯಲ್ಲೂ ಬಂದ್ರೆ ಮುಂದಿನ ಮಾತು."

ಎಲ್ಲರೂ ಕುರ್ಚಿಯ ಕಡೆ ನೋಡಿದರು. ಪರಮಶಿವಪ್ಪನವರ ತುಟಿ ಅಲುಗಿತು. ಮೊದಲು ಬಂದದ್ದು ಬರಿಯ ಸದ್ದು. ಕಂಬದ ಹಿಂದೆ ನಿಂತಿದ್ದ ಯಾವುದೋ ಮಗು ಕಿಸಕ್ಕನೆ ನಕ್ಕಿತು, ಯಾರೋ ಅದರ ಬಾಯಿ ಮುಚ್ಚಿದರು. ಅವರ ಕುತ್ತಿಗೆಯ ನರ ಉಬ್ಬಿತು. "ಕೆ...ಲ್ಸ... ಬಿಡ..." ಎಂದರು, ಅಲ್ಲಿಗೆ ಉಸಿರು ಮುಗಿಯಿತು.

"ಕೆಲಸ ಬಿಡಿಸ್ತೀವಿ ಅಂತಿದಾರೆ ಅಪ್ಪಾಜಿ," ಗುರುಪ್ರಕಾಶ ತಟ್ಟನೆ ಹೇಳಿದ.

ಸಮಾಧಾನದ ಗುಜುಗುಜು ಎದ್ದಿತು. ಗಂಗಾಧರಪ್ಪ ಎಲೆಗೆ ಕೈ ಹಾಕಿದರು. ಹೆಂಗಸರ ಸಾಲಿನಲ್ಲಿ ಕೂತಿದ್ದ ಜಗದಾಂಬ ಗಂಡನನ್ನು ನೋಡಿದರು. ಅವರು ಅಲ್ಲವೆಂದು ತಲೆ ಆಡಿಸುತ್ತಿದ್ದರು, ಕುರ್ಚಿಯ ಕೈಯನ್ನು ಎಡಗೈಯಿಂದ ಗುದ್ದುತ್ತಿದ್ದರು. ಗಂಡಸರು ಕೂತು ಮಾತಾಡುವಲ್ಲಿ ಜಗದಾಂಬ ಈವರೆಗೆ ಬಾಯಿ ತೆರೆದವರಲ್ಲ.

"ಅವ್ರು ಹಂಗಂದಿಲ್ಲ," ಎಂದರು. ದನಿ ಅವರಿಗೇ ಅಪರಿಚಿತವೆನಿಸುವಷ್ಟು ದೊಡ್ಡದಾಗಿ ಬಂತು. "ಇನ್ನೂ ಮುಗ್ಸಿಲ್ಲ. ಸ್ವಲ್ಪ ತಡೀರಿ."

"ಅವ್ವ..." ಎಂದ ಗುರುಪ್ರಕಾಶ.

"ತಡೀಯಪ್ಪ ನೀನು."

ಪರಮಶಿವಪ್ಪ ಉಸಿರು ತುಂಬಿಕೊಂಡರು. "ಕೆಲ್ಸ... ಬಿಡ...ಲ್ಲ. ನನ್... ಮಗ...ಳು." ಬಾಯಿಯಿಂದ ಇಳಿದ ಜೊಲ್ಲನ್ನು ತಾವೇ ಶಲ್ಯದಿಂದ ಒರೆಸಿಕೊಂಡರು. ಈ ಸಲ ಯಾರೂ ನಗಲಿಲ್ಲ.

ಗಂಗಾಧರಪ್ಪ ಕೈಯಲ್ಲಿದ್ದ ಎಲೆಯನ್ನು ತಟ್ಟೆಗೆ ವಾಪಸ್ ಇಟ್ಟರು. ಮಗ ಮಲ್ಲಿಕಾರ್ಜುನ್ ನೆಲ ನೋಡುತ್ತಿದ್ದ. ಗಂಗಾಧರಪ್ಪ, "ಋಣಾನುಬಂಧ ಇಷ್ಟೇ ಅಂತ ಆತು ಹಾಗಾದ್ರೆ. ಬೇಜಾರಿಲ್ಲ. ಅಡುಗೆ ಆಗಿದೆ, ಉಂಡೇ ಹೋಗ್ಬೇಕು" ಎಂದರು.

ಗುರುಪ್ರಕಾಶ ಆಗಲೇ ಚಪ್ಪಲಿಯ ಹತ್ತಿರ ಹೋಗಿದ್ದ. "ಉಣ್ಣಣ" ಎಂದರು ಪರಮಶಿವಪ್ಪ. ಒಂದೇ ಉಸಿರಿಗೆ, ತಡವರಿಸದೆ.

ಊಟಕ್ಕೆ ಎಲೆ ಹಾಕಿದರು. ಕಾಯಿಲೆ ಬಿದ್ದ ಮೇಲೆ ಮನೆಯವರಲ್ಲದವರ ಮುಂದೆ ಅವರು ಉಂಡಿರಲಿಲ್ಲ. ಜಗದಾಂಬ ತಿನ್ನಿಸಲು ಎದ್ದರು; ಅವರು ಬೇಡವೆಂದು ತಲೆ ಅಲ್ಲಾಡಿಸಿ ಎಡಗೈ ಮುಂದೆ ಚಾಚಿ, ಅಷ್ಟು ಜನರ ನಡುವೆ ಹಿಂಜರಿದು ಹಾಗೇ ಹಿಡಿದುಕೊಂಡರು. ರಾಜೇಶ್ವರಮ್ಮ ಒಳಗೆ ಹೋಗಿ ಒಂದು ಬೆಳ್ಳಿ ಚಮಚ ತಂದು, ಎಲೆಯ ಎಡಗಡೆಗೆ ಇಟ್ಟು, ಹೋಳಿಗೆಯನ್ನು ತಾವೇ ಸಣ್ಣಗೆ ಮುರಿದು ಹಾಲು ಹಾಕಿದರು. "ನಿಧಾನಕ್ಕೆ ಉಣ್ಣಿ ಅಣ್ಣ" ಎಂದರು. ಅರ್ಧ ಬಾಯಿಗೆ, ಅರ್ಧ ಪಂಚೆಗೆ. ಪರಮಶಿವಪ್ಪ ಎಲೆ ಖಾಲಿಯಾಗುವವರೆಗೆ ಉಂಡರು. ಉಳಿದವರೆಲ್ಲ ಉಂಡು ಮುಗಿಸಿ ಅವರಿಗಾಗಿ ಕಾದು ಕೂತಿದ್ದರು.

ಮನೆಗೆ ಬಂದಾಗ ಗುರುಪ್ರಕಾಶ ತಂಗಿಯ ಮುಖ ನೋಡದೆ ಮಹಡಿ ಹತ್ತಿದ. ಆಮೇಲೆ ಕೆಲವು ವಾರ ಅವನ ಊಟ ಮಂಡಿಗೇ ಹೋಗುತ್ತಿತ್ತು. ಒಂದು ಸಲ ತಾಯಿಗೆ, "ನನ್ನನ್ನ ಅಷ್ಟು ಜನರ ಮುಂದೆ ಸುಳ್ಳ ಮಾಡಿದ್ರಿ" ಎಂದ. ಜಗದಾಂಬ, "ಸುಳ್ಳ ಆಗಿದ್ದು ನೀನೇ ಕಣಪ್ಪ" ಎಂದರು. ಆದರೆ ಹೇಳುವಾಗ ಅವರ ಕಣ್ಣೂ ತುಂಬಿತ್ತು. ಗಂಟಲು ಕಟ್ಟಿಸಿಕೊಂಡು ಬರುವ ಮಗನೂ ಅವರ ಮಗನೇ. ಅಟ್ಟ ಸೇರಿದ್ದ ಆಟ ನಡುಮನೆಗೆ ಮರಳಿತ್ತು, ಶಾಲೆ ಬಿಟ್ಟ ಮೇಲೆ ಮಾತ್ರ. ಅಜ್ಜ ಮೊಮ್ಮಗಳು ಹಿಮದ ಗುಹೆಯವರೆಗೆ ಹೋದರು. ಅದರಾಚೆ ಏನಿದೆಯೋ, ಇಬ್ಬರಿಗೂ ಸಿಗಲಿಲ್ಲ. ಹಗಲಿನಲ್ಲಿ ಪರಮಶಿವಪ್ಪ ಜಗುಲಿಯಲ್ಲಿ ಕೋಲು ಊರಿ ಕೂರತೊಡಗಿದರು. ಅವರ ಮಾತು ಕೇಳಲು ತಾಳ್ಮೆ ಇದ್ದವರು ನಿಲ್ಲುತ್ತಿದ್ದರು, ಇಲ್ಲದವರು ಕೈ ಮುಗಿದು ಹೋಗುತ್ತಿದ್ದರು.

ಜ್ಯೋತಿಲಕ್ಷ್ಮಿಗೆ ಬೇರೆ ಸಂಬಂಧ ಇನ್ನೂ ಕೂಡಿ ಬಂದಿರಲಿಲ್ಲ. ಮಳೆಗಾಲ ಶುರುವಾಗುವ ಹೊತ್ತಿಗೆ ಆರ್ಡರ್ ಬಂತು. ಸೊರಬದಿಂದಾಚೆ ಒಂದು ಹಳ್ಳಿಯ ಶಾಲೆ. ಕೆಲಸಕ್ಕೆ ಸೇರುವ ದಿನ ಜೊತೆಗೆ ಹೋಗುವವರು ಯಾರು ಎಂಬ ಮಾತು ಬಂದಾಗ ಪರಮಶಿವಪ್ಪ ಆಗಲೇ ಕೋಲು ಹಿಡಿದು ಎದ್ದಿದ್ದರು. ಶಿವಲೀಲಾ ರೊಟ್ಟಿ, ಎಣ್ಣೆಗಾಯಿ ಪಲ್ಯ ಕಟ್ಟಿ ನಾದಿನಿಯ ಚೀಲಕ್ಕೆ ಹಾಕಿದಳು. "ಖಾರ ಕಡಿಮೆ ಹಾಕೀನಿ, ಮಾವ ತಿಂತಾರಲ್ಲ" ಎಂದಷ್ಟೇ ಹೇಳಿದಳು.

ಬಸ್‌ಸ್ಟ್ಯಾಂಡಿನಲ್ಲಿ ಜಗದಾಂಬ ಕಿಟಕಿಯ ಕೆಳಗೆ ನಿಂತಿದ್ದರು. ಬಸ್ಸು ತುಂಬಿತ್ತು. ಕಂಡಕ್ಟರು ಹೊರಡುವ ಮೊದಲೇ ಟಿಕೆಟ್ ಕೊಡುತ್ತ ಬಂದ.

"ಎಲ್ಲಿಗೆ ಅಜ್ಜ?"

"ಸೊ..." ಎಂದರು ಪರಮಶಿವಪ್ಪ.

"ಎಲ್ಲಿಗ್ರೀ? ಸಾಗರನಾ?"

ಜಗದಾಂಬನವರ ನಾಲಿಗೆಯ ತುದಿಗೆ ಊರಿನ ಹೆಸರು ಬಂತು. ಕಿಟಕಿಯಲ್ಲಿ ಕೂತಿದ್ದ ಜ್ಯೋತಿಲಕ್ಷ್ಮಿ ಅಮ್ಮನ ಕಡೆ ನೋಡಿ ಬೇಡವೆಂದು ಸಣ್ಣಗೆ ತಲೆಯಾಡಿಸಿದಳು. ಹಿಂದಿನಿಂದ ಯಾರೋ "ಬೇಗ ಆಗ್ಲಿ ಸಾರ್" ಎಂದರು. ಕಂಡಕ್ಟರು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ನಿಂತ.

"ಸೊ...ರಬ," ಎಂದರು ಅವರು. ಮತ್ತೆ ಉಸಿರು ತೆಗೆದುಕೊಂಡರು. "ಎರ...ಡು. ಮೇಷ್ಟ್ರು... ನನ್ ಮಗಳು."

ಕಂಡಕ್ಟರು ಜ್ಯೋತಿಲಕ್ಷ್ಮಿಯನ್ನು ನೋಡಿದ, ಮುದುಕರನ್ನು ನೋಡಿದ. "ಹೌದೇನ್ರಿ?" ಎಂದು ಎರಡು ಟಿಕೆಟ್ ಹರಿದು ಅವರ ಎಡಗೈಗೆ ಕೊಟ್ಟ.